ಬ್ರೂಡರ್ ಮರಿ ಸೊರಗಿದೆಯಾ? ಮದ್ದಿನ ಬಾಟಲಿ ತೆಗೆಯುವ ಮುಂಚೆ ಶಾಖ ನೋಡಿ

ಬ್ರೂಡರ್, ಅಂದರೆ ಎಳೆ ಕೋಳಿಮರಿಗಳನ್ನು ಬಿಸಿ ಕೊಟ್ಟು ಸಾಕುವ ಜಾಗ. ಏಳನೇ ದಿನ ತೂಕ ಹಾಕಿದರೆ ಅಲ್ಲಿನ ಮರಿ ತೂಕ ಏರಿಲ್ಲ. ಅರ್ಧ ದೊಡ್ಡವು, ಅರ್ಧ ಚಿಕ್ಕವು. ಕೆಲವಕ್ಕೆ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡಿದೆ, ದಿನಾ ಬೆಳಿಗ್ಗೆ ನಾಲ್ಕೋ ಐದೋ ಸತ್ತು ಬಿದ್ದಿರುತ್ತವೆ. ಇಂಥ ಬ್ಯಾಚ್ ಆದಾಗ ನಮ್ಮ ಕಡೆ ಮೊದಲು ಬರುವ ಮಾತು "ಮರಿನೇ ಸರಿ ಇಲ್ಲ ಮಾರಾಯ". ಅದರ ಹಿಂದೆಯೇ "ಯಾವ ಆಂಟಿಬಯಾಟಿಕ್ ಹಾಕ್ಲಿ?" ಎರಡೂ ಒಮ್ಮೊಮ್ಮೆ ನಿಜ ಇರಬಹುದು. ಆದರೆ ಮೊದಲ ಎರಡು ವಾರದಲ್ಲಿ ಬರುವ ತೊಂದರೆಗೆ ಮೊದಲು ಅನುಮಾನ ಪಡಬೇಕಾದ್ದು ಶೆಡ್ಡಿನ ಗಾಳಿಯ ಶಾಖದ ಮೇಲೆ. ಅದನ್ನು ಬಿಟ್ಟು ನೀರಿಗೆ ಮದ್ದು ಬೆರೆಸುತ್ತಾ ಕೂತರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ಇನ್ನೊಂದು. ಶೆಡ್ಡಿನ ಕಂಬಕ್ಕೆ ಅಂಟಿಸಿರುತ್ತಾರಲ್ಲ, ದಿನಕ್ಕೆ ಇಷ್ಟು ಡಿಗ್ರಿ ಅನ್ನುವ ಚಾರ್ಟು, ಅದು ತಪ್ಪಲ್ಲ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಮಳೆಗಾಲಕ್ಕೆ ಅದು ಇದ್ದ ಹಾಗೇ ಹೊಂದುವುದಿಲ್ಲ. ಶಿರಸಿ, ಸಿದ್ದಾಪುರ ಕಡೆಯ ಚಳಿಗಾಲದ ರಾತ್ರಿಯಲ್ಲಿ ಚಾರ್ಟ್ ನೋಡಿಕೊಂಡು ನಿಶ್ಚಿಂತೆಯಿಂದ ಮಲಗಿದರೂ ಕೆಟ್ಟಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ

ಮೊಟ್ಟೆಯಿಂದ ಹೊರಬಂದ ಬ್ರಾಯ್ಲರ್ ಮರಿ ಸುಮಾರು 40 ಗ್ರಾಂ ಇರುತ್ತದೆ. ಮೈ ಮೇಲೆ ನವಿರು ತುಪ್ಪಳ, ಗರಿ ಇಲ್ಲ. 12ರಿಂದ 14 ದಿನದವರೆಗೆ ತನ್ನ ಮೈಶಾಖವನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವ ತಾಕತ್ತು ಅದಕ್ಕಿಲ್ಲ. ಸುತ್ತಲಿನ ಗಾಳಿ ತಣ್ಣಗಾದರೆ ಅದೂ ತಣ್ಣಗಾಗುತ್ತದೆ, ಗಾಳಿ ಕಾದರೆ ಅದೂ ಕಾಯುತ್ತದೆ. ಬೆವರು ಗ್ರಂಥಿಯೂ ಇಲ್ಲ. ಸೆಕೆಯಾದರೆ ಬಾಯಿ ತೆರೆದು ಏದುಸಿರು ಬಿಟ್ಟು ಉಸಿರಿನ ಮೂಲಕ ನೀರಾವಿ ಕಳೆದುಕೊಂಡೇ ಮೈ ತಂಪು ಮಾಡಿಕೊಳ್ಳಬೇಕು.

ಮೊದಲ ದಿನಗಳಲ್ಲಿ ಮರಿಯ ಒಳಮೈ ಶಾಖ 39.4ರಿಂದ 40.5 ಡಿಗ್ರಿ ಇದ್ದರೆ ಸರಿ. ಚಿಕ್ಕ ಮಕ್ಕಳ ಕಿವಿಗೆ ಹಿಡಿಯುವ ಥರ್ಮಾಮೀಟರ್ ಇದ್ದರೆ ಅದನ್ನೇ ಮರಿಯ ಹಿಂಭಾಗಕ್ಕೆ ಮೆಲ್ಲಗೆ ತಾಗಿಸಿ ನೋಡಬಹುದು. ಒಳಗೆ ತುರುಕಬೇಡಿ. ಒದ್ದೆಯಾದ ಮರಿಯಲ್ಲಿ ಅಳೆಯಬೇಡಿ, ಸುಳ್ಳು ತೋರಿಸುತ್ತದೆ. ಬ್ರೂಡರಿನ ಬೇರೆ ಬೇರೆ ಜಾಗದಿಂದ ಒಂದೊಂದು ಮರಿ ಹಿಡಿದು ನೋಡಿದರೆ ಯಾವ ಮೂಲೆ ತಣ್ಣಗಿದೆ ಅಂತ ಗೊತ್ತಾಗುತ್ತದೆ.

ಥಂಡಿಯಾದ ಮರಿ ತಿಂದ ಆಹಾರವನ್ನು ಮೈ ಬಿಸಿ ಮಾಡಲಿಕ್ಕೇ ಸುಡುತ್ತದೆ, ಬೆಳವಣಿಗೆಗೆ ಏನೂ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಲ್ಬಿನ ಕೆಳಗಿನ ಬೆಚ್ಚನೆ ಜಾಗ ಬಿಟ್ಟು ಫೀಡರ್ ಹತ್ತಿರ ಹೋಗುವುದೇ ಇಲ್ಲ. ಹೊಟ್ಟೆಯೊಳಗೆ ಉಳಿದಿರುವ ಮೊಟ್ಟೆಯ ಹಳದಿಯೂ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸೆಕೆಯಾದ ಮರಿ ನೀರು ಕುಡಿಯುತ್ತದೆ, ಫೀಡ್ ಮುಟ್ಟುವುದಿಲ್ಲ. ಹಾಗಾಗಿ ಥಂಡಿಯೂ ಸೆಕೆಯೂ ಕೊನೆಗೆ ತಂದು ನಿಲ್ಲಿಸುವುದು ಒಂದೇ ಕಡೆ: ಖಾಲಿ ಹೊಟ್ಟೆ, ಕಡಿಮೆ ತೂಕ, ಹೆಚ್ಚುಕಮ್ಮಿ ಗಾತ್ರ. ಏಳನೇ ದಿನದ ತೂಕದ ಚೀಟಿ ಮಾತ್ರ ನೋಡಿದರೆ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಮರಿ ಹೇಗೆ ಹರಡಿಕೊಂಡಿದೆ ಅಂತ ನೋಡಬೇಕು.

ಮೊದಲು ಸುಮ್ನೆ ನಿಂತು ನೋಡಿ

ಶೆಡ್ಡಿಗೆ ನುಗ್ಗಿದ ಕೂಡಲೇ ಮರಿಗಳು ಚದುರುತ್ತವೆ, ಆಗ ಕಂಡದ್ದು ಲೆಕ್ಕಕ್ಕಿಲ್ಲ. ಬಾಗಿಲ ಹತ್ತಿರ ಐದು ನಿಮಿಷ ಅಲ್ಲಾಡದೆ ನಿಲ್ಲಿ. ಮೊಬೈಲ್ ಜೇಬಿನಲ್ಲಿರಲಿ.

ಮರಿಗಳು ಹೋವರ್ (ಬಿಸಿ ಕೆಳಗೇ ನಿಲ್ಲಲು ಮೇಲೆ ತೂಗಿಬಿಡುವ ಮುಚ್ಚಳ) ಕೆಳಗೆ ಒಂದರ ಮೇಲೊಂದು ಗುಂಪು ಕಟ್ಟಿ, ಜೋರಾಗಿ ಕೀಚಲು ದನಿಯಲ್ಲಿ ಚಿಂವ್ ಚಿಂವ್ ಅನ್ನುತ್ತಿದ್ದರೆ ಥಂಡಿ. ಹೋವರ್‌ನಿಂದ ದೂರ, ಮರಿಗಳ ಸುತ್ತ ನಿಲ್ಲಿಸಿದ ತಗಡಿನ ಬೇಲಿ, ಅಂದರೆ ಚಿಕ್ ಗಾರ್ಡಿಗೆ ಒರಗಿ, ರೆಕ್ಕೆ ಜೋಲು ಬಿಟ್ಟು, ಕೊಕ್ಕು ತೆರೆದು, ದನಿಯೇ ಇಲ್ಲದೆ ಮಲಗಿದ್ದರೆ ಸೆಕೆ. ಎಲ್ಲವೂ ಒಂದೇ ಬದಿಗೆ ಸರಿದು ಇನ್ನೊಂದು ಬದಿ ಖಾಲಿ ಬಿದ್ದಿದ್ದರೆ ಆ ಖಾಲಿ ಬದಿಯಿಂದ ಗಾಳಿ ಹೊಡೆಯುತ್ತಿದೆ. ಕೆಲವು ತಿನ್ನುತ್ತಾ, ಕೆಲವು ಕುಡಿಯುತ್ತಾ, ಕೆಲವು ಕಾಲು ಚಾಚಿ ಮಲಗಿ, ಎಲ್ಲ ಕಡೆ ಹರಡಿಕೊಂಡು ಮೆಲ್ಲಗೆ ಗುಜುಗುಜು ಅನ್ನುತ್ತಿದ್ದರೆ ಶಾಖ ಸರಿ ಇದೆ. ಆಗ ಥರ್ಮಾಮೀಟರ್ ಏನೇ ತೋರಿಸಲಿ, ಮುಟ್ಟಬೇಡಿ.

ಒಂದು ಬದಿಗೆ ಸರಿಯುವುದನ್ನು ಹೆಚ್ಚಿನವರು ಥಂಡಿ ಅಂತಲೇ ತಿಳಿದು ಇನ್ನೊಂದು ಬಲ್ಬ್ ಹಾಕುತ್ತಾರೆ. ಗಾಳಿ ಹಾಗೇ ಹೊಡೆಯುತ್ತಿರುತ್ತದೆ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಒಂದು ಊದುಬತ್ತಿ ಹಚ್ಚಿ ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ಹೊಗೆ ನೇರ ಮೇಲಕ್ಕೆ ಹೋಗದೆ ಮಲಗಿದರೆ ಅದು ಎಲ್ಲಿಂದ ಬಾಗುತ್ತಿದೆಯೋ ಆ ಕಡೆ ಸಂದು ಹುಡುಕಿ. ಪರದೆಯ ಕೆಳ ಅಂಚು, ಬಾಗಿಲ ಅಡಿ, ಚಿರೆಕಲ್ಲಿನ ಗಾರೆ ಬಿಟ್ಟುಹೋದ ಜಾಗ. ಕರಾವಳಿಯಲ್ಲಿ ಮಧ್ಯಾಹ್ನ ಗಾಳಿ ಕಡಲ ಕಡೆಯಿಂದ ಬರುತ್ತದೆ, ರಾತ್ರಿ ಮತ್ತು ನಸುಕಿನಲ್ಲಿ ಘಟ್ಟದ ಕಡೆಯಿಂದ. ಹಾಗಾಗಿ ಸಂಜೆ ಪಡುವಣ ಬದಿ ಪರದೆ ಕಟ್ಟಿ ಮನೆಗೆ ಹೋದವರಿಗೆ ಬೆಳಗಿನ ಜಾವ ಮೂಡಣ ಬದಿಯಿಂದ ಗಾಳಿ ನುಗ್ಗಿದ್ದು ಗೊತ್ತೇ ಆಗುವುದಿಲ್ಲ.

ಥರ್ಮಾಮೀಟರ್ ಎಲ್ಲಿದೆ?

ಎಷ್ಟೋ ಶೆಡ್ಡಿನಲ್ಲಿ ಅದು ಕಂಬಕ್ಕೆ, ನಮ್ಮ ಕಣ್ಣಿನ ಮಟ್ಟಕ್ಕೆ ನೇತಾಡುತ್ತಿರುತ್ತದೆ. ಬಿಸಿ ಗಾಳಿ ಮೇಲೇರುತ್ತದೆ ಅಲ್ವಾ, ಮೇಲೆ 33 ತೋರಿಸಿದರೆ ಮರಿ ಇರುವಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಇಳಿಸಿ. ನೆಲಕ್ಕೆ ಹರಡಿದ ಭತ್ತದ ಹೊಟ್ಟಿನ ಹಾಸಿನಿಂದ ಎರಡು ಇಂಚು ಮೇಲೆ, ಹೋವರ್ ಅಂಚಿನಲ್ಲಿ ಒಂದು, ಚಿಕ್ ಗಾರ್ಡ್ ಹತ್ತಿರ ಒಂದು. ಬಲ್ಬಿನ ನೇರ ಬೆಳಕು ಬೀಳುವ ಜಾಗ ಬೇಡ. ಹಳೆಯ ಥರ್ಮಾಮೀಟರ್ ಮೇಲೆ ಅನುಮಾನ ಇದ್ದರೆ ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಅದರಲ್ಲಿ ಅದ್ದಿಡಿ, ಸೊನ್ನೆ ಹತ್ತಿರ ಬರಬೇಕು. ದುಡ್ಡು ಖರ್ಚು ಮಾಡುವುದೇ ಆದರೆ ಇಡೀ ರಾತ್ರಿಯ ಅತಿ ಕಡಿಮೆ ಮತ್ತು ಅತಿ ಹೆಚ್ಚು ಶಾಖ ನೆನಪಿಟ್ಟು ತೋರಿಸುವ ಮೀಟರ್ ತನ್ನಿ, ಅದರಲ್ಲೇ ತೇವಾಂಶವೂ ತೋರಿಸುವುದು ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ನೀವು ನೋಡುವ ಶಾಖ ಮೂರು ಗಂಟೆಗೆ ಏನಾಗಿತ್ತು ಅಂತ ಹೇಳುವುದಿಲ್ಲ.

ಸಾಮಾನ್ಯ ಲೆಕ್ಕ ಹೀಗೆ. ಮರಿ ಇಳಿಸುವ ದಿನ ಮರಿಯ ಎತ್ತರದಲ್ಲಿ 32ರಿಂದ 34 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ನಾಲ್ಕೈದನೇ ವಾರಕ್ಕೆ 21–22ರ ಹತ್ತಿರ. ಇಳಿಸುವುದೂ ದಿನಕ್ಕೆ ಅರ್ಧ ಡಿಗ್ರಿಯಂತೆ, ಸೋಮವಾರಕ್ಕೆ ಒಮ್ಮೆಲೇ ಮೂರು ಡಿಗ್ರಿ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕುಮಟಾ, ಹೊನ್ನಾವರ ಕಡೆ ರಾತ್ರಿಯೇ 25ಕ್ಕಿಂತ ಕೆಳಗೆ ಇಳಿಯುವುದು ಕಷ್ಟ, ಹಾಗಾಗಿ ಮೂರನೇ ವಾರಕ್ಕೆ ಬಲ್ಬಿನ ಪ್ರಶ್ನೆಯೇ ಇಲ್ಲ. ಅಲ್ಲಿ ಚಿಂತೆ ತಂಪು ಮಾಡುವುದರದ್ದು.

ಮಳೆಗಾಲದ ಸೆಕೆ: ಕರಾವಳಿಯ ದೊಡ್ಡ ಗೊಂದಲ

ಹೊರಗೆ ಮಳೆ ಸುರಿಯುತ್ತಿದೆ, ನಮಗೇ ಥಂಡಿ ಅನಿಸುತ್ತದೆ. ಸಹಜವಾಗಿ ಪರದೆ ಪೂರ್ತಿ ಬಿಗಿದು, ಬಲ್ಬ್ ಎಲ್ಲ ಹಾಕಿ, ಸಾಲದ್ದಕ್ಕೆ ಮೇಲಿಂದ ಟಾರ್ಪಾಲ್ ಹೊದಿಸುತ್ತೇವೆ. ಮರಿ ಒಳಗೆ ಸೆಕೆಯಿಂದ ಸಾಯುತ್ತಿರುತ್ತದೆ.

ಕಾರಣ ತೇವಾಂಶ. ಮರಿ ತಂಪಾಗುವುದು ಉಸಿರಿನ ನೀರಾವಿಯಿಂದ ಅಂದೆನಲ್ಲ. ಗಾಳಿಯಲ್ಲೇ ನೀರು ತುಂಬಿದ್ದರೆ ಆ ಆವಿ ಹೊರಗೆ ಹೋಗುವುದಾದರೂ ಎಲ್ಲಿಗೆ? ಅದಕ್ಕೇ ಅದೇ 33 ಡಿಗ್ರಿ ಒಣ ಗಾಳಿಯಲ್ಲಿ ಹಿತ, ತೇವದ ಗಾಳಿಯಲ್ಲಿ ಸೆಕೆ. ಒಂದು ದಿನದ ಮರಿಗೆ ತೇವಾಂಶ ಶೇ. 50 ಇದ್ದಾಗ 33 ಡಿಗ್ರಿ ಬೇಕಾದರೆ, ಶೇ. 60ಕ್ಕೆ ಸುಮಾರು 31 ಸಾಕು, ಶೇ. 70ಕ್ಕೆ 29ರ ಆಸುಪಾಸು ಸಾಕು. ನಮ್ಮ ಆಷಾಢದಲ್ಲಿ ಮುಚ್ಚಿದ ಶೆಡ್ಡಿನೊಳಗೆ ತೇವಾಂಶ ಶೇ. 80 ದಾಟುವುದು ಏನೂ ದೊಡ್ಡ ವಿಷಯವಲ್ಲ. ಆಗ ಚಾರ್ಟಿನ ಪ್ರಕಾರ 33ಕ್ಕೆ ತಂದು ನಿಲ್ಲಿಸಿದರೆ ಮರಿಯನ್ನು ನೀವೇ ಬೇಯಿಸಿದ ಹಾಗೆ.

ಇಲ್ಲೊಂದು ಮಜಾ ಇದೆ. ಹೊರಗಿನ ಮಳೆಗಾಳಿ 26 ಡಿಗ್ರಿ, ತೇವಾಂಶ ಶೇ. 90 ಅಂದುಕೊಳ್ಳಿ. ಅದನ್ನು ಒಳಗೆ ತಂದು 32ಕ್ಕೆ ಬಿಸಿ ಮಾಡಿದರೆ ಅದರ ತೇವಾಂಶ ತಾನಾಗಿ ಶೇ. 64ರ ಹತ್ತಿರ ಬರುತ್ತದೆ. ಅಂದರೆ ಹೊರಗಿನ ಗಾಳಿ ಶತ್ರು ಅಲ್ಲ. ಒಳಗೇ ಸಿಕ್ಕಿಬಿದ್ದ ಗಾಳಿ ಶತ್ರು: ಮರಿಗಳ ಉಸಿರು, ಹಿಕ್ಕೆ, ಡ್ರಿಂಕರ್‌ನಿಂದ ಚೆಲ್ಲಿದ ನೀರು ಎಲ್ಲ ಸೇರಿ ಅದನ್ನು ಒದ್ದೆ ಮಾಡುತ್ತವೆ. ಗ್ಯಾಸ್ ಬ್ರೂಡರ್ ಇದ್ದವರಿಗೆ ಇನ್ನೂ ಒಂದು ಕಾರಣ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರ್‌ಗೂ ಸ್ವಲ್ಪ ಜಾಸ್ತಿ ನೀರು ಆವಿಯಾಗಿ ಶೆಡ್ಡಿನೊಳಗೇ ಸೇರುತ್ತದೆ. ಪರದೆ ಬಿಗಿದು ಗ್ಯಾಸ್ ಹಚ್ಚಿದ ಶೆಡ್ಡಿನಲ್ಲಿ ತಗಡಿನ ಒಳಬದಿ ಬೆಳಿಗ್ಗೆ ಹನಿ ಹನಿಯಾಗಿ ತೊಟ್ಟಿಕ್ಕುವುದು ಇದಕ್ಕೇ.

ಪರಿಹಾರ ಏನಪ್ಪಾ ಅಂದರೆ, ಶಾಖ ಇಟ್ಟುಕೊಂಡೇ ಗಾಳಿ ಆಡಲು ಬಿಡುವುದು. ಪರದೆಯನ್ನು ಕೆಳಗಿನಿಂದ ಎತ್ತಬೇಡಿ, ತಣ್ಣನೆ ಗಾಳಿ ನೇರ ಮರಿಯ ಮೈಮೇಲೆ ಬೀಳುತ್ತದೆ. ಮೇಲಿನಿಂದ ಇಳಿಸಿ, ಮಳೆ ಹೊಡೆಯದ ಬದಿಯಲ್ಲಿ ಒಂದು ಗೇಣು ಸಾಕು. ಒಳಬಂದ ಗಾಳಿ ಮಾಡಿನ ಬಿಸಿ ಗಾಳಿಯ ಜೊತೆ ಬೆರೆತು ಆಮೇಲೆ ಕೆಳಗಿಳಿಯುತ್ತದೆ.

ಅಂಕೋಲಾ ಕಡೆಯ ಒಂದು ಶೆಡ್ಡಿನಲ್ಲಿ ಜುಲೈನಲ್ಲಿ ನೋಡಿದ್ದು ಹೇಳುತ್ತೇನೆ. ನಾಲ್ಕು ದಿನದ ಮರಿ, ಮೀಟರ್‌ನಲ್ಲಿ 33, ತೇವಾಂಶ 84. ಯಜಮಾನರು "ಚಾರ್ಟ್ ಪ್ರಕಾರವೇ ಉಂಟಲ್ಲ ಅಣ್ಣ, ಮತ್ತೆ ಯಾಕೆ ತಿನ್ನೋದಿಲ್ಲ?" ಅಂತ ಕೇಳುತ್ತಿದ್ದರು. ಮರಿಗಳು ಚಿಕ್ ಗಾರ್ಡಿಗೆ ಎದೆ ಒತ್ತಿ ಸಾಲಾಗಿ ಮಲಗಿದ್ದವು, ಗಂಟಲ ಕೆಳಗಿನ ಚರ್ಮ ಪಟಪಟ ಅದುರುತ್ತಿತ್ತು, ಡ್ರಿಂಕರ್ ಸುತ್ತ ಹೊಟ್ಟು ಮುದ್ದೆಯಾಗಿತ್ತು, ಫೀಡ್ ತಟ್ಟೆಯಲ್ಲಿ ಬೆಳಿಗ್ಗೆ ಹಾಕಿದ್ದು ಹಾಗೇ ಇತ್ತು. ಹೋವರನ್ನು ಒಂದು ಗೇಣು ಮೇಲೆತ್ತಿ, ಎರಡು ಬಲ್ಬ್ ಆರಿಸಿ, ಚಿಕ್ ಗಾರ್ಡನ್ನು ಎರಡಡಿ ಹಿಗ್ಗಿಸಿ, ಮೂಡಣ ಬದಿ ಪರದೆ ಮೇಲಿಂದ ಇಳಿಸಿದ್ದು ಅಷ್ಟೇ. ಅರ್ಧ ಗಂಟೆಯೊಳಗೆ ಒಂದೊಂದಾಗಿ ಎದ್ದು ತಟ್ಟೆ ಕಡೆ ಹೊರಟವು. ಹಾಸಿದ ಪೇಪರ್ ಮೇಲೆ ಕೊಕ್ಕು ಕುಟ್ಟುವ ಟಕಟಕ ಸದ್ದು ಕೇಳಿದ ಮೇಲೆ ಯಜಮಾನರು ಮದ್ದಿನ ವಿಷಯ ಎತ್ತಲಿಲ್ಲ. ಒದ್ದೆಯಾದ ಹೊಟ್ಟು ತೆಗೆಯುವುದು ಮಾತ್ರ ಬಾಕಿ ಇತ್ತು, ಅದನ್ನೂ ಮಾಡಿಸಿದೆ.

ಆ ಒದ್ದೆ ಹೊಟ್ಟು ಸಣ್ಣ ವಿಷಯ ಅಲ್ಲ. ಅದರಿಂದಲೇ ಅಮೋನಿಯಾ ಏಳುತ್ತದೆ. ಮಂಡಿಯೂರಿ ಮರಿಯ ಮಟ್ಟಕ್ಕೆ ಮೂಗು ತಂದು ನೋಡಿ, ಕಣ್ಣು ಉರಿದರೆ ಮರಿಗೆ ಇಡೀ ದಿನ ಅದೇ ಉರಿ. ಮಳೆಗಾಲದಲ್ಲಿ ಗಾಳಿ ಬಿಡಲು ಇದೊಂದೇ ಕಾರಣ ಸಾಕು.

ಥಂಡಿ: ಘಟ್ಟದ ಮೇಲಿನ ರಾತ್ರಿ

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ ಹಿತವಾದ ಬಿಸಿಲು, ನಸುಕಿನಲ್ಲಿ ಶಾಖ ಅದರ ಅರ್ಧ. ಸಂಜೆ ಆರಕ್ಕೆ ಸರಿಯಾಗಿದ್ದ ಬ್ರೂಡರ್ ಮೂರು ಗಂಟೆಗೆ ಸಾಲುವುದಿಲ್ಲ. ಮರಿ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುವುದು ಈ ಹೊತ್ತಿನಲ್ಲೇ. ಬೆಳಿಗ್ಗೆ ಸತ್ತ ಮರಿಗಳೆಲ್ಲ ಚಪ್ಪಟೆಯಾಗಿ ಒಂದೇ ಜಾಗದಲ್ಲಿ ಸಿಕ್ಕಿದರೆ ಮೊದಲು ರಾತ್ರಿಯ ಶಾಖವನ್ನೇ ಅನುಮಾನಿಸಿ.

ಹಗಲಲ್ಲಿ ಪತ್ತೆ ಮಾಡುವ ಸುಲಭ ದಾರಿ ಮರಿಯ ಪಾದ. ಮರಿ ಎತ್ತಿ ಅದರ ಪಾದವನ್ನು ನಿಮ್ಮ ಕೆನ್ನೆಗೋ ಕುತ್ತಿಗೆಗೋ ತಾಗಿಸಿ. ತಣ್ಣಗೆ ತಾಗಿದರೆ ನೆಲ ತಣ್ಣಗಿದೆ. ಗಾಳಿ 33 ಇದ್ದರೂ ಹಾಸು 30 ಇಲ್ಲದಿದ್ದರೆ ಪಾದ ಮತ್ತು ಹೊಟ್ಟೆಯ ಮೂಲಕ ಶಾಖ ಸಿಮೆಂಟ್ ನೆಲಕ್ಕೆ ಹರಿದುಹೋಗುತ್ತದೆ. ಮರಿ ಬರುವ ಹೊತ್ತಿಗೆ ಬಲ್ಬ್ ಹಾಕುವವರ ಶೆಡ್ಡಿನಲ್ಲಿ ಇದು ಪ್ರತಿ ಬ್ಯಾಚಿನ ಕತೆ. 24 ಗಂಟೆ ಮೊದಲೇ ಬ್ರೂಡರ್ ಹಚ್ಚಿ, ಚಳಿಗಾಲದಲ್ಲಿ ಎರಡು ದಿನ ಮೊದಲೇ ಹಚ್ಚಿದರೂ ನಷ್ಟವಿಲ್ಲ. ಹೊಟ್ಟು ಎರಡು ಇಂಚಿಗೆ ಕಡಿಮೆ ಬೇಡ.

ಬಲ್ಬಿನ ವಿಷಯ. ಹಳೇ ತಂತಿ ಬಲ್ಬ್ ಸಿಗುವುದು ಕಷ್ಟವಾಗಿದೆ ಅಂತ ಎಲ್‌ಇಡಿ ಹಾಕಿ ಬ್ರೂಡರ್ ಅನ್ನುವವರಿದ್ದಾರೆ. ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಬೇಕಾದಷ್ಟು ಶಾಖ ಕೊಡುವುದಿಲ್ಲ. ಮರಿಗೆ ಒಂದರಿಂದ ಎರಡು ವ್ಯಾಟ್ ಅನ್ನುವ ಲೆಕ್ಕ ತಂತಿ ಬಲ್ಬಿನದ್ದು. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ 230ರ ಬದಲು 170ಕ್ಕೆ ಇಳಿದರೆ ಅದೇ ಬಲ್ಬಿನ ಶಾಖ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಬಲ್ಬ್ ಉರಿಯುತ್ತಲೇ ಇರುತ್ತದೆ, ಮರಿ ಗುಂಪು ಕಟ್ಟಿರುತ್ತದೆ, ನಮಗೆ ಅರ್ಥವೇ ಆಗುವುದಿಲ್ಲ. ಬೆಳಕು ಕೆಂಪಗೆ ಮಂಕಾಗಿ ಕಂಡರೆ ಅದೇ. ಕರೆಂಟ್ ಹೋದಾಗ ಇದ್ದಿಲು ಇಡುವವರು ಹೊರಗೇ ಚೆನ್ನಾಗಿ ಕೆಂಡ ಮಾಡಿ, ಹೊಗೆ ಆರಿದ ಮೇಲೆ ಒಳಗೆ ತನ್ನಿ, ಮೇಲಿನ ಪರದೆ ತೆರೆದಿಡಿ. ಮುಚ್ಚಿದ ಶೆಡ್ಡಿನಲ್ಲಿ ಇದ್ದಿಲಿನ ವಿಷಗಾಳಿ ಮರಿಗೂ ಅಪಾಯ, ಅಲ್ಲೇ ಮಲಗುವ ಮನುಷ್ಯರಿಗೂ ಅಪಾಯ.

ಮರಿ ಇಳಿಸುವಾಗಲೂ ನೋಡಿ. ಹುಬ್ಬಳ್ಳಿ ಕಡೆಯಿಂದ ರಾತ್ರಿ ಹೊರಟು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬರುವ ಗಾಡಿಯಲ್ಲಿ ಹೊರ ಸಾಲಿನ ಬಾಕ್ಸ್‌ಗಳು ಗಾಳಿಗೆ ಥಂಡಿಯಾಗಿರುತ್ತವೆ, ನಡುವಿನವು ಬೆಂದಿರುತ್ತವೆ. ಯಾವ ಬಾಕ್ಸಿನ ಮರಿ ಎಲ್ಲಿ ಬಿಟ್ಟಿರಿ ಅಂತ ನೆನಪಿಟ್ಟುಕೊಂಡರೆ ಮರುದಿನ ಒಂದೇ ಬ್ರೂಡರ್ ಯಾಕೆ ಮಂಕಾಗಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಶಾಖದ ತೊಂದರೆಯಂತೆ ಕಂಡರೂ ಅದಲ್ಲದ್ದು

ಬಾಯಿ ತೆರೆದ ಮರಿಯೆಲ್ಲ ಸೆಕೆಯ ಮರಿ ಅಲ್ಲ. ನಮ್ಮ ಮಳೆಗಾಲದಲ್ಲಿ ಭತ್ತದ ಹೊಟ್ಟಿಗೆ ಬೂಷ್ಟು ಹಿಡಿಯುವುದು ಮಾಮೂಲಿ. ಆ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಹೋದರೆ ಮರಿ ಕತ್ತು ಚಾಚಿ, ಬಾಯಿ ತೆರೆದು, ಸದ್ದಿಲ್ಲದೆ ಉಸಿರಿಗೆ ಒದ್ದಾಡುತ್ತದೆ. ವ್ಯತ್ಯಾಸ ಹೀಗೆ: ಸೆಕೆಯಲ್ಲಿ ಹೆಚ್ಚುಕಮ್ಮಿ ಎಲ್ಲ ಮರಿಗಳೂ ಏದುಸಿರು ಬಿಡುತ್ತವೆ, ಶಾಖ ಇಳಿಸಿದರೆ ನಿಲ್ಲುತ್ತದೆ. ಬೂಷ್ಟಿನದ್ದಾದರೆ ಅಲ್ಲೊಂದು ಇಲ್ಲೊಂದು ಮರಿ, ತಂಪು ಮಾಡಿದರೂ ನಿಲ್ಲುವುದಿಲ್ಲ. ಸತ್ತ ಮರಿ ಕೊಯ್ದರೆ ಶ್ವಾಸಕೋಶದಲ್ಲಿ ಹಳದಿ ಅಥವಾ ಬಿಳಿ ಸಣ್ಣ ಗಂಟುಗಳು ಸಿಗಬಹುದು. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಆ ಹೊಟ್ಟು ಹೊರಗೆ ಹೋಗಬೇಕು.

ಮೂರನೇ ವಾರದಲ್ಲಿ ಮರಿ ಗರಿ ಕೆದರಿ ಗುಂಪು ಕಟ್ಟಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿ, ಅಂದರೆ ಕರುಳಿನ ಕಾಕ್ಸಿಡಿಯೋಸಿಸ್ ರೋಗ. ಲಸಿಕೆ ಹಾಕಿದ ದಿನ ಸ್ವಲ್ಪ ಮಂಕಾಗುವುದು ಸಹಜ, ಆವತ್ತು ಒಂದೆರಡು ಡಿಗ್ರಿ ಜಾಸ್ತಿ ಇಟ್ಟರೆ ಸಾಕು. ಬೆಳಕು ಒಂದೇ ಕಡೆ ಬೀಳುತ್ತಿದ್ದರೂ ಮರಿ ಅಲ್ಲೇ ಸೇರುತ್ತದೆ, ರಾತ್ರಿ ಇಲಿ ಓಡಾಡಿದರೂ ಎದುರು ಮೂಲೆಗೆ ಒತ್ತುತ್ತದೆ.

ಮೇವಿನ ಚೀಲ ಮುಟ್ಟಿ, ಏಳನೇ ದಿನ ತೂಕ ಹಾಕಿ

ಶಾಖ ಸರಿಯಾಗಿತ್ತೋ ಇಲ್ಲವೋ ಅನ್ನುವುದಕ್ಕೆ ಮೊದಲ ದಿನವೇ ಸಾಕ್ಷಿ ಸಿಗುತ್ತದೆ. ಮರಿ ಬಿಟ್ಟು ಎಂಟು ಗಂಟೆ ಆದ ಮೇಲೆ ಬೇರೆ ಬೇರೆ ಕಡೆಯಿಂದ ಮೂವತ್ತು ನಲವತ್ತು ಮರಿ ಹಿಡಿದು ಕುತ್ತಿಗೆ ಬುಡದ ಮೇವಿನ ಚೀಲ ಮೆಲ್ಲಗೆ ಒತ್ತಿ. ನೂರಕ್ಕೆ ಎಂಬತ್ತು ಮರಿಯಲ್ಲಿ ತುಂಬಿರಬೇಕು, 24 ಗಂಟೆಗೆ ತೊಂಬತ್ತೈದರಲ್ಲಿ. ಮೆತ್ತಗೆ ಗಂಜಿಯಂತಿದ್ದರೆ ಫೀಡೂ ನೀರೂ ಎರಡೂ ಸಿಕ್ಕಿದೆ. ಗಟ್ಟಿ ಕಾಳುಕಾಳಾಗಿದ್ದರೆ ನೀರು ಸಿಕ್ಕಿಲ್ಲ, ಡ್ರಿಂಕರ್ ಬಿಸಿಯಾಗಿರಬಹುದು ಅಥವಾ ಎತ್ತರದಲ್ಲಿರಬಹುದು. ಬರೀ ನೀರಿನ ಬಲೂನಿನಂತಿದ್ದರೆ ಸೆಕೆ ಅಂತ ಅನುಮಾನಿಸಿ.

ಏಳನೇ ದಿನ ತೂಕ ಬಂದ ದಿನದ ತೂಕದ ನಾಲ್ಕು ಪಟ್ಟಿಗಿಂತ ಜಾಸ್ತಿ ಇರಬೇಕು, 40 ಗ್ರಾಂ ಮರಿ ಕನಿಷ್ಠ 160 ದಾಟಬೇಕು. ಒಳ್ಳೆ ಬ್ಯಾಚಿನಲ್ಲಿ 180ರ ಮೇಲೂ ಹೋಗುತ್ತದೆ. ಇಲ್ಲಿ ಹಿಂದೆ ಬಿದ್ದದ್ದನ್ನು ಆಮೇಲೆ ಜಾಸ್ತಿ ಫೀಡ್ ಹಾಕಿ ಪೂರ್ತಿ ತುಂಬಿಸಲು ಆಗುವುದಿಲ್ಲ. ಥಂಡಿ ತಿಂದ ಬ್ಯಾಚಿನದ್ದು ಇನ್ನೂ ಒಂದು ಬಾಕಿ ಇರುತ್ತದೆ. ನಾಲ್ಕೈದನೇ ವಾರದಲ್ಲಿ, ಚೆನ್ನಾಗಿ ಬೆಳೆದ ಕೋಳಿಯೇ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತದೆ. ಚಿಕ್ಕಂದಿನಲ್ಲಿ ಮೈ ಬಿಸಿಗಾಗಿ ಜಾಸ್ತಿ ಆಮ್ಲಜನಕ ಬೇಕಾಗಿ ಹೃದಯ, ಶ್ವಾಸಕೋಶದ ಮೇಲೆ ಬಿದ್ದ ಭಾರ ಆಗ ಹೊರಬರುತ್ತದೆ. ಅಷ್ಟು ಹೊತ್ತಿಗೆ ಬ್ರೂಡರಿನ ಥಂಡಿ ರಾತ್ರಿ ಯಾರಿಗೂ ನೆನಪಿರುವುದಿಲ್ಲ, ಫೀಡ್ ಮೇಲೆ ತಪ್ಪು ಹೊರಿಸುತ್ತಾರೆ.

ಶಾಖ, ಗಾಳಿ, ಹಾಸು ಮೂರನ್ನೂ ಸರಿಮಾಡಿ ಒಂದು ದಿನ ಕಳೆದರೂ ಮರಿ ಹರಡಿಕೊಳ್ಳದಿದ್ದರೆ, ಅಥವಾ ಮೊದಲ ವಾರದಲ್ಲಿ ಸಾವು ನೂರಕ್ಕೆ ಒಂದನ್ನು ದಾಟಿ ಏರುತ್ತಲೇ ಇದ್ದರೆ, ಆಗ ಪಶು ಆಸ್ಪತ್ರೆಗೆ ಹೋಗಿ. ಆಗಷ್ಟೇ ಸತ್ತ ಮರಿ ಎರಡು ಮೂರು ಮತ್ತು ಮಂಕಾದ ಜೀವಂತ ಮರಿ ಒಂದೆರಡು ತೆಗೆದುಕೊಂಡು ಹೋಗಿ. ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಜುಗಡ್ಡೆಯ ಮೇಲಿಡಿ, ಫ್ರೀಜರಿನಲ್ಲಿ ಕಲ್ಲು ಮಾಡಬೇಡಿ. ಜೊತೆಗೆ ಮೂರು ದಿನದ ಕನಿಷ್ಠ, ಗರಿಷ್ಠ ಶಾಖ ಮತ್ತು ತೇವಾಂಶ ಬರೆದ ಚೀಟಿ ಇರಲಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.